ಹಿಂದಿನ ಸೀಟಿಗೆ ಕಾಜಾ ಹಾಕಿದವರು

ಹೋದ ತಿಂಗಳು ನನ್ನ ತಮ್ಮನ ಮಗ ಹೊಸ ಕಾರು ತಂದು ಮನೆ ಮುಂದೆ ನಿಲ್ಲಿಸಿದ. "ಬನ್ನಿ ದೊಡ್ಡಪ್ಪ, ಒಂದು ರೌಂಡ್ ಹೋಗಿಬರೋಣ" ಎಂದ. ಬಾಗಿಲು ತೆಗೆದೆ. ಅವತ್ತೇ ಹಾಕಿಸಿದ್ದ ಸೀಟ್ ಕವರಿನಿಂದ ರೆಕ್ಸಿನ್ನಿನದೂ ಸಲ್ಯೂಷನ್ನಿನದೂ ಸೇರಿದ ಒಂದು ವಾಸನೆ ಮೂಗಿಗೆ ಬಡಿಯಿತು. ಪಂಕ್ಚರ್ ಅಂಗಡಿಯ ವಾಸನೆಗೆ ಹತ್ತಿರದ್ದು, ಆದರೆ ಸ್ವಲ್ಪ ಸಿಹಿ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು ಹಾಗೇ ನಿಂತುಬಿಟ್ಟೆ. ಹುಡುಗ ನನಗೆ ಮಂಡಿ ನೋವು ಎಂದುಕೊಂಡು ಕೈ ಹಿಡಿಯಲು ಬಂದ. ಮಂಡಿ ನೋವು ಇರುವುದು ನಿಜ. ನಿಂತದ್ದು ಮಾತ್ರ ಅದಕ್ಕಲ್ಲ... ನಂಜನಗೂಡಿನ ಕುಶನ್ ಅಂಗಡಿಯವರು ನೆನಪಾಗಿದ್ದರು.

ಅವರ ಅಂಗಡಿ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಆಚೆ, ಒಂದು ಟೈರ್ ಅಂಗಡಿಯ ಪಕ್ಕ. ತಗಡಿನ ಸೂರು, ಒಂದು ಹೊಲಿಗೆ ಮಿಷನ್ನು, ಗೋಡೆಗೆ ಒರಗಿಸಿದ ರೆಕ್ಸಿನ್ ಸುರುಳಿಗಳು, ನೆಲದ ತುಂಬ ಫೋಮಿನ ಚೂರು. ಊರಿನವರೆಲ್ಲ ಅವರನ್ನು ಕುಶನಣ್ಣ ಎನ್ನುತ್ತಿದ್ದರು. ತೊಂಬತ್ತರ ದಶಕದಲ್ಲಿ ಅವರು ಹೊಲಿಯುತ್ತಿದ್ದದ್ದು ಹೆಚ್ಚಾಗಿ ಸ್ಕೂಟರ್ ಸೀಟು, ಆಟೋ ಸೀಟು, ಟ್ರ್ಯಾಕ್ಟರ್ ಸೀಟು. ಎರಡು ಸಾವಿರ ಇಸವಿ ದಾಟಿದ ಮೇಲೆ ಫ್ಯಾಕ್ಟರಿ ಕೆಲಸದವರು, ಭತ್ತದ ವ್ಯಾಪಾರಿಗಳು, ಮೇಷ್ಟ್ರುಗಳು ಕೂಡ ಕಾರು ತರತೊಡಗಿದರು. ಆ ಮೇಷ್ಟ್ರುಗಳಲ್ಲಿ ನಾನೂ ಒಬ್ಬ. ಮನೆ ನಂಜನಗೂಡಿನಲ್ಲೇ, ತಿ. ನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಬಸ್ಸು ಗಕ್ಕನೆ ನಿಂತರೆ ಒಳಗಿದ್ದವರು ಯಾಕೆ ಮುಂದಕ್ಕೆ ಮುಗ್ಗರಿಸುತ್ತಾರೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬಸ್ಸಿನ ಚಿತ್ರ ಬರೆದು ವಿವರಿಸುತ್ತಿದ್ದೆ. ಪರೀಕ್ಷೆಯಲ್ಲಿ ಆ ಪ್ರಶ್ನೆ ತಪ್ಪದೆ ಬರುತ್ತಿತ್ತು.

ಹೊಸ ಕಾರಿಗೆ ಪೂಜೆ ಆದ ಮೇಲೆ ಮುಂದಿನ ಕೆಲಸ ಸೀಟ್ ಕವರು. ಕಂಪನಿಯ ಸೀಟಿನ ಬಟ್ಟೆ ಕಾಣುವ ಹಾಗೆ ಕಾರು ಓಡಿಸಿದರೆ ಮರ್ಯಾದೆ ಕಡಿಮೆ ಎಂದು ನಮ್ಮ ಕಡೆ ನಂಬಿಕೆ. ನಾನು ಗೋಧಿ ಬಣ್ಣದ ರೆಕ್ಸಿನ್ ಆರಿಸಿದೆ, ಅಂಚಿಗೆ ಕಂದು ಪಟ್ಟಿ. ಅಳತೆ ತೆಗೆಯುವ ಮೊದಲು ಕುಶನಣ್ಣ ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದರು. ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಬೆನ್ನು ಒರಗಿಸಿ, ಎರಡೂ ಕೈ ನೆಟ್ಟಗೆ ಚಾಚಿ ಸ್ಟೇರಿಂಗ್ ಹಿಡಿಯುವುದು ನನ್ನ ಅಭ್ಯಾಸ. ಅದನ್ನು ಗತ್ತು ಎಂದುಕೊಂಡಿದ್ದೆ.

"ಇದೇನ್ ಸಾ, ಈಸಿ ಚೇರಲ್ಲಿ ಕೂತಂಗೆ ಕೂತಿದ್ದೀರಿ" ಎಂದರು.

ಕೆಳಗಿನ ಹಿಡಿ ಎತ್ತಿ, ನನ್ನ ಸಮೇತ ಸೀಟನ್ನು ಮುಂದಕ್ಕೆ ನೂಕಿದರು. ಕ್ಲಚ್ ಪೂರ್ತಿ ಒತ್ತಿದಾಗಲೂ ಮಂಡಿ ಕೊಂಚ ಬಾಗಿರಬೇಕಂತೆ. ಬೆನ್ನು ಸೀಟು ಬಿಟ್ಟು ಏಳದ ಹಾಗೆ ಕೈ ಚಾಚಿದರೆ ಮಣಿಕಟ್ಟು ಸ್ಟೇರಿಂಗಿನ ಮೇಲ್ತುದಿಗೆ ತಾಗಬೇಕಂತೆ. ಹಿಂದಿನ ದಿಂಬು ಕತ್ತಿಗಲ್ಲ, ತಲೆಗೆ ಸಿಗಬೇಕಂತೆ. ಇಷ್ಟೂ ಆದ ಮೇಲೆ ಟೇಪು ತೆಗೆದರು. ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಮೂವತ್ತು ವರ್ಷ ಜನ ಕೂರುವುದನ್ನು ನೋಡಿ ನೋಡಿ ಕಲಿತದ್ದು ಅಷ್ಟೆ.

ಹಿಂದಿನ ಸೀಟಿನಲ್ಲಿ ನಮ್ಮವ್ವ ಕೂತಿದ್ದಳು. ಕೂತವಳೇ ಎದ್ದು, "ಇದೇನ್ ಮಗಾ, ಸೊಂಟಕ್ಕೆ ಗೂಟ ನೆಟ್ಟಂಗದೆ" ಎಂದಳು. ಬೆಲ್ಟು ಸಿಕ್ಕಿಸುವ ಲಾಕುಗಳು ಸೀಟಿನಿಂದ ಮೇಲೆದ್ದು ನಿಂತಿದ್ದವು. ಒಳಗೆ ಸೇರಿಸಿ ಕವರು ಎಳೆದುಬಿಡಿ ಎಂದು ನಾನು ಕುಶನಣ್ಣನಿಗೆ ಹೇಳಿದೆ.

"ಬೇಕಾದಾಗ ಸಿಗಕಿಲ್ಲ ಸಾ ಆಮೇಲೆ."

"ಹಿಂದೆ ಕೂತೋರು ಯಾರ್ರೀ ಬೆಲ್ಟ್ ಹಾಕ್ತಾರೆ?"

ಅವರು ನಕ್ಕರು. ಊರೆಲ್ಲ ಅದೇ ಮಾತು ಹೇಳುತ್ತಿತ್ತು. ಲಾಕುಗಳನ್ನು ಸಂದಿಯೊಳಗೆ ತಳ್ಳಿ, ಮೇಲೆ ರೆಕ್ಸಿನ್ ಎಳೆದು, ದಬ್ಬಳದಿಂದ ಕೆಳಗಿನ ಕಂಬಿಗೆ ಬಿಗಿದರು. ಸೀಟು ಮಂಚದ ಹಾಸಿಗೆಯಂತೆ ಸಮವಾಯಿತು. ಅವ್ವ ಕಾಲು ಮಡಚಿ ಕೂತು ತೃಪ್ತಿಯಾದಳು.

ಒಂದು ವರ್ಷ ಕಳೆದಿರಬಹುದು. ಡ್ರೈವರ್ ಸೀಟಿನ ಕವರು ಕಂಬಿಗೆ ಸಿಕ್ಕಿ ಹರಿದಿತ್ತು, ಹೊಲಿಸಿಕೊಳ್ಳಲು ಹೋಗಿದ್ದೆ. ಅಲ್ಲಿಗೆ ಬನ್ನೂರಿನ ಒಬ್ಬ ಭತ್ತದ ವ್ಯಾಪಾರಿ ಕಾರು ತಂದರು. ನಮ್ಮ ವಯಸ್ಸಿನವರೇ, ತಲೆ ಬೋಳಿಸಿದ್ದರು. ಮುಂದೆ ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರು ಸೂಚನೆಯಿಲ್ಲದೆ ತಿರುಗಿ, ಇವರ ಕಾರು ಟ್ರೈಲರಿಗೆ ಗುದ್ದಿತ್ತಂತೆ. ಮುಂದೆ ಬೆಲ್ಟ್ ಹಾಕಿ ಕೂತಿದ್ದ ಅವರಿಗೂ ಅಳಿಯನಿಗೂ ತರಚು ಗಾಯ. ಹಿಂದೆ ಕೂತಿದ್ದ ಹೆಂಡತಿ ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಕಾರನ್ನು ರಿಪೇರಿ ಮಾಡಿಸಿ ಮಾರುವವರಿದ್ದರು. ಸೀಟು ಬೇರೆ ಹಾಕಿಕೊಡಬೇಕಿತ್ತು.

"ಅವ್ಳು ಬೆಲ್ಟ್ ಎಳ್ಕಂಡಿದ್ಲು ಕಣಣ್ಣ" ಎಂದರು ಅವರು, ಯಾರ ಮುಖವನ್ನೂ ನೋಡದೆ. "ಮನೆ ತಾವೇ ಆಕ್ಕಳವ್ವ ಅಂತ ಮಗಳು ಯೋಳಿದ್ಲಂತೆ. ಸಿಕ್ಸಕ್ಕೆ ಜಾಗನೇ ಸಿಗ್ನಿಲ್ಲ. ಸುಮಾರು ದೂರ ಉಡುಕುದ್ಲು. ಆಮೇಕೆ ಕೈಯಲ್ಲೇ ಇಡ್ಕಂಡು ಕೂತಿದ್ಲು. ಕಂಪ್ನಿಯೋರು ಇಂದ್ಗಡೆಗೆ ಲಾಕೇ ಕೊಟ್ಟಿಲ್ಲ ನೋಡಿ."

ಕುಶನಣ್ಣನ ಕೈಯಲ್ಲಿದ್ದ ಕತ್ತರಿ ನಿಂತಿತು. ಆ ಕಾರಿಗೆ ಕವರು ಹಾಕಿದವರು ಅವರೇ. ಬನ್ನೂರಿನವರು ಅವತ್ತು ಕಾರು ಬಿಟ್ಟು ಹೋಗಿದ್ದರು, ಸಂಜೆ ಬಂದು ತೆಗೆದುಕೊಂಡು ಹೋಗಿದ್ದರು. ಲಾಕು ಮುಚ್ಚಿ ಎಂದು ಅವರು ಹೇಳಿರಲೇ ಇಲ್ಲ. ಅಷ್ಟು ಹೊತ್ತಿಗೆ, ಯಾರೂ ಹೇಳದಿದ್ದರೂ ಮುಚ್ಚಿಬಿಡುವುದು ಅಂಗಡಿಯ ರೂಢಿಯಾಗಿತ್ತು. ಇದೆಲ್ಲ ಕುಶನಣ್ಣ ನನಗೆ ಆಮೇಲೆ ಹೇಳಿದ್ದು. ಆದರೆ ಲಾಕು ಎಲ್ಲಿದೆ ಎಂದು ಆ ಕ್ಷಣದಲ್ಲಿ ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ. ಬನ್ನೂರಿನವರು ನಾಳೆ ಬರುತ್ತೇನೆಂದು ಹೊರಟುಹೋದರು.

ಅವರು ಹೋದ ಮೇಲೆ ಕುಶನಣ್ಣ ಹಿಂದಿನ ಸೀಟಿನ ಹೊಲಿಗೆ ಬಿಚ್ಚಿದರು. ಸಂದಿಯಲ್ಲಿ ಕಡಲೆಕಾಯಿ ಸಿಪ್ಪೆ, ಒಂದು ಹೇರ್‌ಪಿನ್ನು, ಅವುಗಳ ನಡುವೆ ಲಾಕು. ಹೊಚ್ಚ ಹೊಸದು, ಒಂದು ಸಲವೂ ಬಳಸಿರಲಿಲ್ಲ. ಬೆಲ್ಟು ಎಳೆದು ಅದಕ್ಕೆ ಸಿಕ್ಕಿಸಿ ನೋಡಿದರು, ಸಿಕ್ಕಿತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹರಿದ ಕವರು ಹೊಲಿಸದೆ ಮನೆಗೆ ಬಂದೆ.

ಮುಂದಿನ ಭಾನುವಾರದಿಂದ ಅವರು ಒಂದು ಹೊಸ ಕೆಲಸ ಹಚ್ಚಿಕೊಂಡರು. ಮೊಪೆಡ್ಡಿನ ಮುಂದೆ ಚೀಲ ಇಟ್ಟುಕೊಂಡು, ತಾವು ಕವರು ಹಾಕಿದ ಕಾರುಗಳನ್ನೆಲ್ಲ ಹುಡುಕಿಕೊಂಡು ಹೋಗಿ, ಹಿಂದಿನ ಸೀಟಿನ ಲಾಕು ಹೊರಗೆ ಬರುವಂತೆ ಕವರಿಗೆ ಸೀಳು ಕೊಡುತ್ತಿದ್ದರು. ಬಿಟ್ಟಿ ಕೆಲಸ. ಜನ ಒಪ್ಪಬೇಕಲ್ಲ! ಹೊಸ ಕವರಿಗೆ ಯಾಕಯ್ಯ ಬ್ಲೇಡು ಹಾಕ್ತೀಯ ಎಂದು ಗದರಿದವರೇ ಹೆಚ್ಚು. ಕುಶನಣ್ಣನಿಗೆ ತಲೆ ಕೆಟ್ಟಿದೆ ಎಂದು ಹೋಟೆಲಿನಲ್ಲಿ ಮಾತಾಯಿತು. ನಮ್ಮ ಮನೆಗೆ ಮೂರು ಸಲ ಬಂದರು. ಮೊದಲ ಎರಡು ಸಲ ನಾನೂ ಮುಂದೆ ನೋಡೋಣ ಎಂದು ಸಾಗಹಾಕಿದೆ. ವಿಜ್ಞಾನದ ಮೇಷ್ಟ್ರಿಗೆ ಗೋಧಿ ಬಣ್ಣದ ರೆಕ್ಸಿನ್ ಮೇಲೆ ಅಷ್ಟು ಮೋಹ. ಮೂರನೆಯ ಸಲ ಅವ್ವ ಜಗಲಿಯಿಂದಲೇ ಕೂಗಿದಳು: "ಕುಯ್ಲಿ ಬುಡು ಮಗಾ. ಬಿಸ್ಲಲ್ಲಿ ಎಷ್ಟ್ ಸಲ ಬಂದಾರು ಪಾಪ!"

ಬ್ಲೇಡಿನಲ್ಲಿ ಸೀಳಿ ಹಾಗೇ ಬಿಡಲಿಲ್ಲ ಅವರು. ಅಂಗಿಯ ಗುಂಡಿಗೆ ಕಾಜಾ ಮಾಡುವ ಹಾಗೆ, ಸೀಳಿನ ಸುತ್ತ ಕಂದು ದಾರದಲ್ಲಿ ಕೈಹೊಲಿಗೆ ಹಾಕಿದರು. ಒಂದೊಂದು ಕಾಜಕ್ಕೆ ಅರ್ಧ ಗಂಟೆ. ಆಮೇಲೆ ಬೆಲ್ಟ್ ಹಾಕುವುದನ್ನು ಅವ್ವನಿಗೆ ತೋರಿಸಬೇಕಿತ್ತು. ಹೆಂಗಸರ ಮೈಗೆ ಕೈ ತಾಗೀತೆಂದು ಸಂಕೋಚ, ಹಾಗಾಗಿ ತಾವೇ ಪಕ್ಕದಲ್ಲಿ ಕೂತು ಹಾಕಿಕೊಂಡು ತೋರಿಸಿದರು. ಕೆಳಗಿನ ಪಟ್ಟಿ ಹೊಟ್ಟೆ ಮೇಲಲ್ಲ, ಸೊಂಟದ ಮೂಳೆ ಮೇಲೆ ಬರಬೇಕು. ಮೇಲಿನದು ಹೆಗಲ ಮೇಲೆ, ಕಂಕುಳ ಕೆಳಗಲ್ಲ. ಸೆರಗಿನ ಗಂಟು ನಡುವೆ ಸಿಕ್ಕಬಾರದು. "ಕಾಲ್ ಮಡ್ಚಿ ಕೂರ್ಬ್ಯಾಡಿ ಅವ್ವಾರೆ, ಇಳೇ ಬುಟ್ಕಳಿ" ಎಂದರು. ಅವ್ವ ಶಾಲೆಯ ಮಗುವಿನ ಹಾಗೆ ಹೇಳಿದ್ದನ್ನೆಲ್ಲ ಮಾಡಿದಳು. ಆಮೇಲೆ ತಪ್ಪಿಸಲೂ ಇಲ್ಲ. ಬೆಲ್ಟ್ ಸಿಕ್ಕಿದ ಸದ್ದು ಕೇಳುವ ತನಕ ಕಾರು ಬಿಡಲು ನನಗೆ ಅಪ್ಪಣೆ ಇರಲಿಲ್ಲ.

ಆ ಬೇಸಿಗೆಯ ಮೊದಲಿಗೆ ಒಂದು ದಿನ ಅವರು ನನ್ನ ಶಾಲೆಗೇ ಬಂದರು. ಬನ್ನೂರಿಗೆ ಹೋಗಿ ಇದ್ದದ್ದನ್ನು ಹೇಳಿಬಿಡಬೇಕು ಎಂದು ನಿರ್ಧರಿಸಿದ್ದರು. "ಅವತ್ತು ನೀವೂ ಇದ್ರಲ್ಲ ಸಾ. ಒಬ್ನೇ ಓಗಕ್ಕೆ ಧೈರ್ಯ ಬತ್ತಿಲ್ಲ." ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಇದೆ, ಮುಗಿಯಲಿ ಎಂದೆ. ಪರೀಕ್ಷೆ ಇದ್ದದ್ದು ಸುಳ್ಳಲ್ಲ. ಅರ್ಧ ದಿನ ರಜೆ ಸಿಗುತ್ತಿರಲಿಲ್ಲ ಎನ್ನುವುದು ಸುಳ್ಳು. ಅವರು ತಲೆ ಆಡಿಸಿ, ಹಾಗೇ ಬಸ್ ಹತ್ತಿ ಒಬ್ಬರೇ ಬನ್ನೂರಿಗೆ ಹೋದರು.

ಅಲ್ಲಿ ನಡೆದದ್ದನ್ನು ವಾರದ ಮೇಲೆ ಕೇಳಿದೆ. ಎಲ್ಲ ಹೇಳಿದರಂತೆ. ವ್ಯಾಪಾರಿ ಕೊನೆಯ ತನಕ ಕೇಳಿ, ಎದ್ದು ಒಳಗೆ ಹೋದರಂತೆ. ಇವರು ಜಗಲಿಯ ಮೇಲೆ ಕಾದರು. ಸುಮಾರು ಹೊತ್ತಿನ ಮೇಲೆ ಮಗಳು ಬಂದು, "ನೀವು ಹೋಗಿ ಬನ್ನಿ" ಎಂದಳಂತೆ, ಅಷ್ಟೇ. "ಬೈದಿದ್ರೆ ಚೆಂದಾಗಿತ್ತು ಸಾ" ಎಂದರು ಕುಶನಣ್ಣ. ಅಂದಿನಿಂದ ಮಾತು ಇನ್ನೂ ಕಡಿಮೆಯಾಯಿತು. ಕಾಜಾ ಹಾಕುವುದು ಮಾತ್ರ ನಿಲ್ಲಲಿಲ್ಲ.

ಅದೇ ವರ್ಷ ದೀಪಾವಳಿ ಕಳೆದ ಮೇಲಿನ ಭಾನುವಾರ, ಅವ್ವನನ್ನು ಸೋಸಲೆಯ ಮಾವನ ಮನೆಗೆ ಕರೆದುಕೊಂಡು ಹೊರಟಿದ್ದೆ. ದಾರಿಯಲ್ಲಿ ಎಮ್ಮೆಯೊಂದು ಅಡ್ಡ ಬಂತು. ತಪ್ಪಿಸಲು ಹೋಗಿ ಕಾರು ಮೋರಿಯ ಕಟ್ಟೆಗೆ ಗುದ್ದಿತು. ಮುಂದಿನ ಗಾಜು ಪುಡಿ, ಬಾನೆಟ್ಟು ಗೋಪುರ. ನಾನು ಸರಿಯಾಗಿದ್ದೆ. ಹಿಂದೆ ತಿರುಗಿ ನೋಡಲು ಹೆದರಿಕೆಯಾಯಿತು. ಒಂದು ನಿಮಿಷ ನಿಜವಾಗಿಯೂ ತಿರುಗಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಅವ್ವ, "ಎಮ್ಮೆಗೇನಾರ ಆಯ್ತಾ?" ಎಂದು ಕೇಳಿದಳು. ಹೆಗಲಿನಿಂದ ಸೊಂಟದ ತನಕ ಸೀರೆಯ ಅಂಚಿನಷ್ಟು ಅಗಲಕ್ಕೆ ಕಂದಿತ್ತು. ಅದು ಬಿಟ್ಟರೆ ಏನೂ ಇಲ್ಲ. ನಾನು ರಸ್ತೆ ಬದಿಯಲ್ಲಿ ಕೂತು ಅತ್ತೆ.

ಮನೆಗೆ ಬಂದ ದಿನವೇ ಅವ್ವ ಹೇಳಿದಳು: "ಆ ಕುಶನ್ನಿನೋರ್ಗೆ ಯೋಳ್ಬುಟ್ ಬಾ ಮಗಾ. ಅವ್ರ್ ಜೀವ ತಣ್ಣಗಾಗ್ಲಿ." ಹೇಳುತ್ತೇನೆ ಎಂದೆ. ಹೇಳುವುದಕ್ಕೇನು, ಊರಿನಲ್ಲೇ ಇದ್ದಾರೆ. ಕಾರು ರಿಪೇರಿಯಾಗಿ ಬರಲಿ ಎಂದುಕೊಂಡೆ. ಬಂತು. ಸಂಕ್ರಾಂತಿ ಕಳೆಯಲಿ ಎಂದುಕೊಂಡೆ. ಕಳೆಯಿತು. ಬನ್ನೂರಿಗೆ ಜೊತೆಗೆ ಹೋಗದವನು ಈಗ ಯಾವ ಮುಖ ಹೊತ್ತು ನಿಲ್ಲಲಿ ಎಂಬ ಅಳುಕೂ ಇತ್ತೇನೋ... ಯುಗಾದಿಯ ಮುಂದಿನ ವಾರ ಅವ್ವ ಕಟ್ಟಿಕೊಟ್ಟ ಒಬ್ಬಟ್ಟು ಹಿಡಿದುಕೊಂಡು ಅಂಗಡಿಗೆ ಹೋದೆ. ಬಾಗಿಲು ಮುಚ್ಚಿತ್ತು.

"ಓಗ್ಬುಟ್ರು ಸಾ" ಎಂದ ಪಕ್ಕದ ಟೈರ್ ಅಂಗಡಿಯವನು. "ಎದೆನೋವು ಅಂದ್ರು, ಅಷ್ಟೇಯ. ನಾಕ್ ದಿನ ಆಯ್ತು. ಕಡೇಗಂಟ್ಲೂವೆ ಆ ಬನ್ನೂರಮ್ಮನ್ ಮಾತೇ. ನನ್ ಕೈಯಿಂದ ಒಂದ್ ಜೀವ ಓಯ್ತು ಅಂತ."

ಒಬ್ಬಟ್ಟನ್ನು ಅವನ ಕೈಗೇ ಕೊಟ್ಟು ಬಂದೆ. ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು. ಹೇಳಿದೆಯಾ, ಏನಂದರು ಎಂದು ಕೇಳಿದಳು. ಹೇಳಿದೆ, ತುಂಬಾ ಸಂತೋಷಪಟ್ಟರು ಎಂದೆ. ಅವ್ವನ ಮುಖ ಅರಳಿತು. ಆಮೇಲೆ ಅವಳು ಒಂಬತ್ತು ವರ್ಷ ಬದುಕಿದಳು. ಕುಶನಣ್ಣ ಸತ್ತದ್ದು ಮುಂದೆ ಎಂದೋ ಅವಳಿಗೆ ತಿಳಿಯಿತು. ಸಾಯುವ ಮೊದಲು ವಿಷಯ ಗೊತ್ತಾಗಿತ್ತಲ್ಲ, ಅದೇ ಸಮಾಧಾನ ಎಂದಳು. ನಾನು ಹೂಂ ಎಂದೆ.

ಈಗ ಅವ್ವನೂ ಇಲ್ಲ. ಕುಶನ್ ಅಂಗಡಿ ಇದ್ದ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ. ಅವರ ಮಗಳೊಬ್ಬಳು ಮೈಸೂರಿನಲ್ಲಿ ಎಲ್ಲೋ ಇದ್ದಾಳೆಂದು ಕೇಳಿದ್ದೇನೆ. ಅವಳಿಗಾದರೂ ಹೇಳಬಹುದು, ನಿಮ್ಮ ಅಪ್ಪನ ಕೈಯಿಂದ ಒಂದು ಜೀವ ಉಳಿದಿತ್ತು ಎಂದು. ಹೇಳಹೊರಟರೆ ಅವಳು ಕೇಳುವ ಮೊದಲ ಪ್ರಶ್ನೆ ಯಾವುದೆಂದು ನನಗೆ ಗೊತ್ತು. ಕಾರು ರಿಪೇರಿಯಾಗಿ ಬಂದಂದಿನಿಂದ ಯುಗಾದಿಯ ತನಕ ದಿನಾ ಬೆಳಿಗ್ಗೆ ಸಂಜೆ ನಾನು ಶಾಲೆಗೆ ಹೋಗಿಬಂದದ್ದು ಆ ಅಂಗಡಿಯ ಮುಂದೆಯೇ. ಅವರು ತಲೆ ತಗ್ಗಿಸಿ ಮಿಷನ್ ತುಳಿಯುತ್ತಿರುವುದು ಕಾರಿನೊಳಗಿಂದ ಕಾಣುತ್ತಿತ್ತು. ಒಂದು ದಿನವೂ ನಾನು ನಿಲ್ಲಿಸಲಿಲ್ಲ.