ಪ್ಲಾಸ್ಟರ್ ಕೈಯ ಯುಗಾದಿ

ನಾನು ಜಾರಿ ಬಿದ್ದದ್ದು ಚೋಕ್ಡಿಯಲ್ಲಿ. ಅಹಮದಾಬಾದಿನ ಮನೆಗಳಲ್ಲಿ ಅಡುಗೆಮನೆಯ ಹಿಂದೆ ಪಾತ್ರೆ, ಬಟ್ಟೆ ತೊಳೆಯಲೆಂದು ನೆಲವನ್ನು ಒಂದು ಗೇಣು ತಗ್ಗಿಸಿ ಕಟ್ಟಿರುವ ಜಾಗಕ್ಕೆ ಹಾಗೆನ್ನುತ್ತಾರೆ. ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ್ದ ಒಂದು ಬೆಳಿಗ್ಗೆ ಅಲ್ಲಿ ನಿಂತು ಮಗನ ಯೂನಿಫಾರ್ಮ್ ಷರಟಿನ ಕಾಲರು ಉಜ್ಜುತ್ತಿದ್ದೆ. ಒಲೆಯ ಮೇಲೆ ಹಾಲು ಉಕ್ಕುವ ಸದ್ದು ಕೇಳಿ ತಟ್ಟನೆ ತಿರುಗಿದೆ. ಹಾಲೂ ಉಕ್ಕಿತು, ನಾನೂ ಬಿದ್ದೆ. ಬಲಗೈ ಊರಿ ಬಿದ್ದದ್ದರಿಂದ ಮಣಿಕಟ್ಟು ಮುರಿಯಿತು. ಆಸ್ಪತ್ರೆಯಲ್ಲಿ ಬೆರಳ ಬುಡದಿಂದ ಮೊಣಕೈಯವರೆಗೆ ಪ್ಲಾಸ್ಟರ್ ಹಾಕಿ, ಕೈಯನ್ನು ಕುತ್ತಿಗೆಗೆ ತೂಗುಹಾಕಿ, ಆರು ವಾರ ಅಲುಗಾಡಿಸಬಾರದು ಎಂದರು. ನನ್ನ ಗಂಡನ ಮುಖ ಎಷ್ಟು ಬಿಳಿಚಿಕೊಂಡಿತೆಂದರೆ, ಡಾಕ್ಟರು ನನ್ನನ್ನು ಬಿಟ್ಟು ಅವರಿಗೇ ಸಮಾಧಾನ ಹೇಳಿದರು.

ಅವರು ಗಾಬರಿಯಾದದ್ದರಲ್ಲಿ ತಪ್ಪಿರಲಿಲ್ಲ. ನಾವು ತುಮಕೂರಿನ ಕಡೆಯವರು. ನನ್ನದು ವಿಮಾ ಕಚೇರಿಯ ಕೆಲಸ, ಅವರದು ರೈಲ್ವೆ. ಇಬ್ಬರಿಗೂ ಈ ಊರಿಗೆ ವರ್ಗವಾಗಿ, ವಸ್ತ್ರಾಪುರದ ಕೆರೆಗೆ ಹತ್ತಿರದ ಒಂದು ಹೌಸಿಂಗ್ ಸೊಸೈಟಿಯಲ್ಲಿ ಮೂರನೇ ಮಹಡಿಯ ಮನೆ ಹಿಡಿದಿದ್ದೆವು. ಅವರ ಕೆಲಸ ಊರಿನ ಆಚೆ ತುದಿಯ ವಟ್ವಾದಲ್ಲಿ. ಮಕ್ಕಳು ಕಣ್ಣು ಬಿಡುವ ಮೊದಲೇ ಮನೆ ಬಿಡಬೇಕು. ಮಗಳು ಎರಡನೇ ಕ್ಲಾಸು, ಮಗನಿಗಿನ್ನೂ ನಾಲ್ಕು ವರ್ಷ. ಬೆಳಿಗ್ಗೆ ಅವರಿಬ್ಬರನ್ನೂ ಎಬ್ಬಿಸಿ, ಹಲ್ಲುಜ್ಜಿಸಿ, ಸ್ನಾನ ಮಾಡಿಸಿ, ಜಡೆ ಹಾಕಿ, ಡಬ್ಬಿ ಕಟ್ಟಿ, ಶಾಲೆಯ ವ್ಯಾನು ಹತ್ತಿಸುವುದೆಲ್ಲ ನನ್ನ ಕೈ ಮೇಲೇ ನಡೆಯುತ್ತಿತ್ತು. ಮಗ ಷೂ ಹಾಕಿಕೊಳ್ಳಲು ತಿಣುಕುತ್ತಿದ್ದರೆ ನೋಡುತ್ತಾ ನಿಲ್ಲುವಷ್ಟು ಪುರುಸೊತ್ತು ನನಗಿರಲಿಲ್ಲ. ಎರಡು ನಿಮಿಷದಲ್ಲಿ ನಾನೇ ತೊಡಿಸಿ ಎಬ್ಬಿಸಿ ನಿಲ್ಲಿಸುತ್ತಿದ್ದೆ.

ಊರಿನಿಂದ ಯಾರೂ ಬರುವ ಹಾಗಿರಲಿಲ್ಲ. ನನ್ನ ಅಮ್ಮನಿಗೆ ಆಗಷ್ಟೇ ಕಣ್ಣಿನ ಪೊರೆ ತೆಗೆದಿದ್ದರು. ಅತ್ತೆ ನಾದಿನಿಯ ಬಾಣಂತನದಲ್ಲಿದ್ದರು. ಎದುರು ಮನೆಯ ಗುಜರಾತಿ ಅಜ್ಜಿಯನ್ನು ನಾವೆಲ್ಲ ಇಲ್ಲಿಯವರ ಹಾಗೆ 'ಬಾ' ಎಂದೇ ಕರೆಯುತ್ತೇವೆ. ಅವರು ನನ್ನ ಕೈ ನೋಡಿದವರೇ, "ಹುಂ ಛುಂ ನೆ, ದೀಕರಾ," ಎಂದರು. ನಾನಿದ್ದೀನಲ್ಲ ಮಗಳೇ ಎಂದು ಅರ್ಥ. ಹೇಳಿದ್ದಷ್ಟೇ ಅಲ್ಲ, ಅಂದಿನಿಂದ ಪ್ರತಿ ಸಂಜೆ ಬಿಸಿ ರೊಟ್ಲಿ, ಪಲ್ಯ ಅವರ ಮನೆಯಿಂದಲೇ ಬಂತು. ಸಂಜೆಯ ಚಿಂತೆ ತಪ್ಪಿತು. ಬೆಳಗಿನದು ಮಾತ್ರ ಹಾಗೇ ಉಳಿಯಿತು.

ಮೊದಲ ಕೆಲವು ದಿನ ಗಂಡ ರಜೆ ಹಾಕಿ ನಿಭಾಯಿಸಿದರು. ಆಮೇಲೆ ರಜೆ ಸಿಗಲಿಲ್ಲ. ಅವರು ಹೋದ ಮೊದಲ ಬೆಳಿಗ್ಗೆಯನ್ನು ನಾನು ಮರೆಯುವ ಹಾಗಿಲ್ಲ. ಎಡಗೈಯಲ್ಲಿ ಡಬ್ಬಿಯ ಮುಚ್ಚಳ ಒತ್ತಿದರೆ ಡಬ್ಬಿಯೇ ಜಾರಿ ಹೋಗುತ್ತಿತ್ತು. ಮಗಳ ಕೂದಲಿಗೆ ರಬ್ಬರ್ ಬ್ಯಾಂಡ್ ಸುತ್ತಲಾಗಲಿಲ್ಲ. ಮಗ ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡು, ಇನ್ನೊಂದನ್ನು ಮುಂದಕ್ಕೆ ಚಾಚಿ, ಎಂದಿನಂತೆ ಕಾಯುತ್ತಾ ಕೂತಿದ್ದ.

"ಅಮ್ಮ, ನಿನ್ನ ಕೈಗೆ ಮಾತ್ರ ರಜಾನಾ?" ಎಂದು ಕೇಳಿದ.

ಕೆಳಗೆ ವ್ಯಾನಿನ ಹಾರ್ನ್ ಕೇಳಿತು, ಮತ್ತೆ ಕೇಳಿತು, ಆಮೇಲೆ ಕೇಳಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಅಡುಗೆಮನೆಯ ಕಟ್ಟೆಗೆ ಒರಗಿಕೊಂಡು ಮಕ್ಕಳೆದುರೇ ಅತ್ತುಬಿಟ್ಟೆ. ಕೊನೆಗೆ ಇಬ್ಬರನ್ನೂ ಆಟೋದಲ್ಲಿ ಕರೆದುಕೊಂಡು ಹೋಗಿ ಶಾಲೆಯ ಗೇಟಿನಲ್ಲಿ ಬಿಟ್ಟು ಬಂದೆ. ಕೂದಲು ಕೆದರಿದ್ದ ಮಗಳು ದಾರಿಯುದ್ದಕ್ಕೂ ನನ್ನ ಪ್ಲಾಸ್ಟರನ್ನೇ ನೋಡುತ್ತಿದ್ದಳು.

ಅಂದು ಸಂಜೆ ಅವಳು ತಮ್ಮನನ್ನು ಸೋಫಾದ ಮೇಲೆ ಕೂರಿಸಿ ಎದುರಿಗೆ ಟೀಚರಿನಂತೆ ನಿಂತಳು.

"ನೋಡು, ಅಮ್ಮಂಗೆ ರೈಟ್ ಹ್ಯಾಂಡ್ ಇಲ್ಲ. ನಾಳೆಯಿಂದ ನಾನೇ ಅಮ್ಮನ ರೈಟ್ ಹ್ಯಾಂಡ್."

"ಮತ್ತೆ ನಾನು?"

ಅವಳು ಒಂದು ಕ್ಷಣ ಯೋಚಿಸಿದಳು. "ನೀನು ಫಿಂಗರ್ಸ್."

"ಐದೂನಾ?"

"ಹೂಂ, ಐದೂ."

ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಐದು ಬೆರಳನ್ನೂ ಅಗಲಿಸಿ ಹಿಡಿದುಕೊಂಡು ಎದುರು ಮನೆಗೆ ಓಡಿ 'ಬಾ'ಗೂ ತೋರಿಸಿ ಬಂದ.

ನಾನು ನಕ್ಕೆ, ಎರಡು ದಿನದ ಆಟ ಎಂದುಕೊಂಡೆ. ಆದರೆ ಮರುದಿನ ಬೆಳಿಗ್ಗೆ ಅಲಾರಂ ಆಫ್ ಮಾಡಿದ್ದು ಮಗಳು. ತಮ್ಮನನ್ನು ಎಬ್ಬಿಸಿ ಬಚ್ಚಲಿಗೆ ಕಳಿಸಿದ್ದೂ ಅವಳೇ. ಅವನಿಗೆ ನೀರಿನ ಕೆಲಸ ಸಿಕ್ಕಿತ್ತು. ನಮ್ಮ ಸೊಸೈಟಿಯಲ್ಲಿ ಬೆಳಿಗ್ಗೆ ಒಂದಿಷ್ಟು ಹೊತ್ತು ಮಾತ್ರ ಕುಡಿಯುವ ನೀರು ಬರುತ್ತದೆ. ಅವನು ನಲ್ಲಿ ತಿರುಗಿಸಿ, ಬಕೆಟಿನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ತುಂಬುತ್ತಾ ಬಂದ ಹಾಗೆ "ಅಮ್ಮ, ಹೊಟ್ಟೆವರೆಗೂ ಬಂತು! ಕತ್ತಿನವರೆಗೂ ಬಂತು!" ಎಂದು ಕೂಗಿ ವರದಿ ಕೊಡುತ್ತಿದ್ದ. ಮಗಳು ಅವಲಕ್ಕಿ ತೊಳೆದು, ಮೊಸರು ಬೆರೆಸಿ ಡಬ್ಬಿಗೆ ತುಂಬುವುದನ್ನು ಕಲಿತಳು. ಬ್ರೆಡ್ಡಿಗೆ ಬೆಣ್ಣೆ ಸವರಿ ಚಟ್ನಿಪುಡಿ ಉದುರಿಸುವುದು ಕಲಿತಳು. ನಾನು ಸ್ಟೂಲಿನ ಮೇಲೆ ಕೂತು ಬಾಯಲ್ಲಿ ಹೇಳುವುದು, ಅವಳು ಮಾಡುವುದು. ನನ್ನ ತಲೆ ಬಾಚುವ ಕೆಲಸವನ್ನೂ ಅವಳೇ ವಹಿಸಿಕೊಂಡಳು. ಬುಡದಿಂದ ಕೀಳುವ ಹಾಗೆ ಎಳೆಯುತ್ತಿದ್ದಳು; ನಾನು ಅಯ್ಯೋ ಎಂದರೆ, "ಅಲ್ಲಾಡಬೇಡ ಅಮ್ಮ, ಲೇಟಾಗುತ್ತೆ," ಎಂದು ನನ್ನದೇ ದನಿಯಲ್ಲಿ ಗದರುತ್ತಿದ್ದಳು.

ಮೊದಲ ವಾರ ಮಗನ ಷೂ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಹೇಳಿಕೊಡಬೇಕೆನಿಸಿದರೂ ತಡೆದುಕೊಂಡೆ. ಎಡಗೈಯಿಂದ ಸರಿಪಡಿಸಲೂ ಆಗುತ್ತಿರಲಿಲ್ಲ. ಹಾಗೇ ಹೋದ, ಹಾಗೇ ಬಂದ. ಒಂದು ದಿನ ಅವನೇ ನಿಂತು, ಕಾಲು ನೋಡಿಕೊಂಡು, ಕೂತು, ಎರಡನ್ನೂ ಬಿಚ್ಚಿ ಅದಲು ಬದಲು ಮಾಡಿ ಹಾಕಿಕೊಂಡ. ಅವನು ಎದ್ದು ನಿಂತು ಒಂದು ಸಲ ನೆಗೆದ.

ಅದೇ ವಾರ ನಾವು ಮೂವರೂ ವ್ಯಾನು ಬರುವ ಮುಂಚೆಯೇ ಕೆಳಗಿಳಿದು ಬೇವಿನ ಮರದ ನೆರಳಿನಲ್ಲಿ ನಿಂತಿದ್ದೆವು. ನಮ್ಮ ಮನೆಯೆದುರು ಹಾರ್ನ್ ಹೊಡೆದೂ ಹೊಡೆದೂ ಬೇಸತ್ತಿದ್ದ ವ್ಯಾನಿನ ಡ್ರೈವರ್ ಕಾಕಾ ತಲೆ ಹೊರಗೆ ಹಾಕಿ, "ಆಜೆ ವಹೇಲಾ!" ಎಂದರು. ಇವತ್ತು ಬೇಗ! ಮಗಳು ಏನೂ ಆಗದವಳಂತೆ ಬ್ಯಾಗು ಏರಿಸಿಕೊಂಡು ಹತ್ತಿದಳು. ನನಗೆ ಮಾತ್ರ ಅಲ್ಲೇ ರಸ್ತೆಯಲ್ಲಿ ಕುಣಿಯಬೇಕೆನಿಸಿತು.

ಅಷ್ಟರಲ್ಲಿ ಯುಗಾದಿ ಬಂತು. ಈ ಊರಿನ ಕನ್ನಡದ ಕುಟುಂಬಗಳು ಹಬ್ಬದ ಮುಂದಿನ ಭಾನುವಾರ ಒಂದು ಸಭಾಂಗಣದಲ್ಲಿ ಸೇರಿ ಊಟ ಮಾಡುವ ಪದ್ಧತಿ ಇದೆ. ಮನೆಗೊಂದು ಅಡುಗೆ. ನಮ್ಮದು ಯಾವಾಗಲೂ ಪುಳಿಯೋಗರೆ. ಊಟದ ಉಸ್ತುವಾರಿ ನೋಡುವ ಹಿರಿಯ ಹೆಂಗಸು ಫೋನ್ ಮಾಡಿದರು. ಇರುವ ಒಂದು ಕೈ ಖಾಲಿ ಇರಲೆಂದು ನಾನು ಸ್ಪೀಕರ್ ಹಾಕಿದ್ದೆ.

"ಈ ಸಲ ನೀವೇನೂ ತರಬೇಡಿ ಕಣಮ್ಮ. ಬಂದು ಊಟ ಮಾಡ್ಕೊಂಡು ಹೋಗಿ, ಸಾಕು," ಎಂದರು.

ನಾನು ಸರಿ ಎನ್ನುವಷ್ಟರಲ್ಲಿ ಪಕ್ಕದಿಂದ ಮಗಳ ದನಿ ಬಂತು: "ಆಂಟಿ, ನಾವು ಕೋಸಂಬರಿ ತರ್ತೀವಿ!"

ಆ ಕಡೆ ಅವರು ನಕ್ಕರು. "ಎಷ್ಟು ಜನಕ್ಕೆ ಗೊತ್ತೇನೇ ಪುಟ್ಟಿ? ಐವತ್ತು ಅರವತ್ತು ಜನ ಆಗ್ತಾರೆ."

"ದೊಡ್ಡ ಪಾತ್ರೆ ಇದೆ ಆಂಟಿ."

ಫೋನ್ ಇಟ್ಟ ಮೇಲೆ ನಾನು ಅವಳನ್ನು ಬೈಯಬೇಕೆಂದು ತಿರುಗಿದೆ. ಅವಳು ಆಗಲೇ ಸ್ಟೂಲು ಎಳೆದು ಮೇಲಿನ ಶೆಲ್ಫಿನ ದೊಡ್ಡ ಪಾತ್ರೆಗೆ ಕೈ ಚಾಚಿದ್ದಳು. ಬೈಯಲು ಮನಸ್ಸು ಬರಲಿಲ್ಲ.

ಶನಿವಾರ ಸಂಜೆ ವಿಡಿಯೋ ಕಾಲ್ ಮಾಡಿ ಅಜ್ಜಿಯ ಸಲಹೆ ಕೇಳುವುದೆಂದಾಯಿತು. ನನ್ನ ಅಮ್ಮ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಫೋನಿನಲ್ಲಿ ಕಾಣಿಸಿಕೊಂಡಳು.

"ಅಜ್ಜಿ, ಕೋಥಮೀರ್ ಎಷ್ಟು ಹಾಕೋದು?" ಎಂದಳು ಮಗಳು.

"ಏನು, ಕೋತಿಮರಿ ಹಾಕ್ತೀಯಾ?" ಅಮ್ಮ ಬೆಚ್ಚಿಬಿದ್ದಳು.

ಕೊತ್ತಂಬರಿಗೆ ಗುಜರಾತಿಯಲ್ಲಿ ಹಾಗೆನ್ನುತ್ತಾರೆ ಎಂದು ನಾನು ಬಿಡಿಸಿ ಹೇಳುವಷ್ಟರಲ್ಲಿ ಮಕ್ಕಳಿಬ್ಬರೂ ನೆಲದ ಮೇಲೆ ಬಿದ್ದು ಹೊರಳಾಡಿ ನಗುತ್ತಿದ್ದರು. ನಗು ನಿಂತ ಮೇಲೆ ಅಮ್ಮ ಗಂಭೀರವಾಗಿ ಹೇಳಿದಳು: "ಒಂದು ಮಾತು ನೆನಪಿಟ್ಕೋ ಮಗಳೇ. ಉಪ್ಪು ಮಾತ್ರ ಬಡಿಸೋ ಹೊತ್ತಿಗೆ ಹಾಕ್ಬೇಕು. ಮೊದಲೇ ಹಾಕಿದ್ರೆ ಸೌತೆಕಾಯಿ ನೀರು ಬಿಟ್ಟು ಎಲ್ಲಾ ಹಾಳಾಗುತ್ತೆ."

ಭಾನುವಾರ ಬೆಳಿಗ್ಗೆ ನೆಂದ ಹೆಸರುಬೇಳೆಯನ್ನು ಮಗಳು ಜರಡಿಗೆ ಸುರಿದು ನೀರು ಬಸಿದಳು. ದಾರ ಎಳೆದರೆ ತರಕಾರಿ ಹೆಚ್ಚುವ ಚಾಪರ್ ಒಂದು ನಮ್ಮಲ್ಲಿತ್ತು. ಅದು ಮಗನ ಪಾಲಿಗೆ ಬಂತು. ಗಂಡ ಸೌತೆಕಾಯಿಯ ಸಿಪ್ಪೆ ತೆಗೆದು ತುಂಡು ಮಾಡಿ ಹಾಕುವುದು, ಅವನು ಹಲ್ಲು ಕಚ್ಚಿ ದಾರ ಎಳೆಯುವುದು. ಮಾವಿನಕಾಯಿ, ತೆಂಗಿನಕಾಯಿ ತುರಿಯುವ ಕೆಲಸವೂ ಗಂಡನಿಗೇ ಬಿತ್ತು. ಮಗಳು "ಪಪ್ಪಾ, ಇನ್ನೂ ಸಣ್ಣಗೆ," ಎನ್ನುತ್ತಿದ್ದಳು, ಅವರು "ಆಯ್ತು ಮೇಡಂ," ಎನ್ನುತ್ತಿದ್ದರು. ಕೊತ್ತಂಬರಿ ಸೊಪ್ಪು ಬಿಡಿಸಿದ ಮಗ ಹಳದಿ ಎಲೆಯನ್ನೆಲ್ಲ ಒಂದು ಕಡೆ ರಾಶಿ ಹಾಕಿ, ಇವು ಕಾಯಿಲೆ ಎಲೆಗಳು ಎಂದು ಬೇರೆ ಇಟ್ಟ. ಒಲೆಯ ಹತ್ತಿರ ಮಕ್ಕಳನ್ನು ಬಿಡಲಿಲ್ಲ. ಇಂಗು, ಸಾಸಿವೆ, ಹಸಿಮೆಣಸಿನಕಾಯಿಯ ಒಗ್ಗರಣೆಯನ್ನು ನಾನೇ ಎಡಗೈಯಲ್ಲಿ ಕೊಟ್ಟೆ. ಕೊನೆಗೆ ಮಗಳು ಉಪ್ಪನ್ನು ಒಂದು ಪುಟ್ಟ ಡಬ್ಬಿಗೆ ಹಾಕಿ ತನ್ನ ಲಂಗದ ಜೇಬಿನಲ್ಲಿಟ್ಟುಕೊಂಡಳು.

ಸಭಾಂಗಣದಲ್ಲಿ ಆಗಲೇ ಎಲೆ ಹಾಕುತ್ತಿದ್ದರು. ನಮ್ಮ ಪಾತ್ರೆ ಮೇಜಿನ ಮೇಲೆ ಕೂತಿತು. ಬಡಿಸಲು ನಿಂತಿದ್ದ ಒಬ್ಬ ಹೆಂಗಸು ಚಿಟಿಕೆ ಬಾಯಿಗೆ ಹಾಕಿಕೊಂಡು, "ಅಯ್ಯೋ, ಪಾಪ, ಉಪ್ಪೇ ಮರೆತಿದ್ದಾರೆ," ಎಂದು ಉಪ್ಪಿನ ಪಾತ್ರೆಗೆ ಕೈ ಹಾಕಿದರು. ಜನ ಕೂರಲು ಇನ್ನೂ ಹೊತ್ತಿತ್ತು, ಪೂಜೆಯೇ ಮುಗಿದಿರಲಿಲ್ಲ.

ಎಲ್ಲಿದ್ದಳೋ ಮಗಳು, ಓಡಿ ಬಂದು ಪಾತ್ರೆಯ ಮೇಲೆ ಎರಡೂ ಕೈ ಅಡ್ಡ ಹಿಡಿದಳು.

"ಈಗಲ್ಲ ಆಂಟಿ! ಬಡಿಸೋವಾಗ. ಈಗ ಹಾಕಿದ್ರೆ ನೀರು ಬಿಡುತ್ತೆ."

ಅಪರಿಚಿತರೆದುರು ನನ್ನ ಹಿಂದೆ ಅಡಗುವ ಹುಡುಗಿ. ಮನೆಯ ಹೊರಗೆ ಕನ್ನಡದಲ್ಲಿ ಒಂದು ಪೂರ್ತಿ ವಾಕ್ಯ ಆಡಿದ್ದನ್ನು ನಾನು ಕೇಳಿದ್ದೇ ಕಡಿಮೆ. ಆ ಹೆಂಗಸು ಕೈ ಹಿಂದಕ್ಕೆ ತೆಗೆದುಕೊಂಡರು. "ಸರಿಯಮ್ಮ, ನೀನು ಹೇಳಿದಾಗಲೇ," ಎಂದರು, ನಗದೆ, ದೊಡ್ಡವರ ಜೊತೆ ಮಾತಾಡುವ ಹಾಗೆ.

ಪಂಕ್ತಿ ಕೂತ ಮೇಲೆ ಮಗಳು ಜೇಬಿನಿಂದ ಡಬ್ಬಿ ತೆಗೆದು ಉಪ್ಪು ಹಾಕಿದಳು. ಮಗ ನಿಂಬೆಹಣ್ಣು ಹಿಂಡಿದ. ಬೀಜ ಬಿದ್ದವು, ಆರಿಸಿ ತೆಗೆದ. ಕೋಸಂಬರಿ ಗರಿಗರಿಯಾಗಿ, ಮಾವಿನಕಾಯಿಯ ಹುಳಿ ಹದವಾಗಿ ಬೆರೆತು, ಎಲೆಯಿಂದ ಎಲೆಗೆ ಹೋಯಿತು. ಎರಡನೇ ಸಲ ಕೇಳಿದವರಿಗೆ ಸಿಕ್ಕಿತು. ಮೂರನೇ ಸಲ ಕೇಳಿದವರಿಗೆ ಮಗ ಪಾತ್ರೆ ಬೋರಲು ಹಾಕಿ ತೋರಿಸಿದ.

ಊಟದ ಕೊನೆಗೆ ಆ ಹಿರಿಯ ಹೆಂಗಸು ನಡುವೆ ಬಂದು ನಿಂತು, "ಕೋಸಂಬರಿ ಮಾಡಿದ ಅಡುಗೆಯವರು ಎಲ್ಲಿ? ಮುಂದೆ ಬನ್ನಿ," ಎಂದು ಕರೆದರು. ಇಬ್ಬರೂ ಹೋಗಿ ನಿಂತರು. ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು. ನನಗೆ ಚಪ್ಪಾಳೆ ತಟ್ಟಲು ಒಂದೇ ಕೈ. ಗಂಡನ ಬೆನ್ನಿಗೆ ಬಡಿಯುತ್ತಾ ಹೋದೆ. ಅವರು ಕಣ್ಣೊರೆಸಿಕೊಳ್ಳುತ್ತಿದ್ದುದರಿಂದ ಅದು ಅವರಿಗೆ ಗೊತ್ತೂ ಆಗಲಿಲ್ಲ.

ಮರುವಾರ ಪ್ಲಾಸ್ಟರ್ ತೆಗೆದರು. ಕೈ ಬಡಕಲಾಗಿತ್ತು, ಆದರೆ ಮೂಳೆ ನೇರವಾಗಿ ಕೂಡಿತ್ತು. ನಾನು ಕಚೇರಿಗೆ ಮರಳಿದ ದಿನ ಪಕ್ಕದ ಮೇಜಿನವರು, ಇಲ್ಲಿಯ ರೂಢಿಯಂತೆ ಅಕ್ಕ ಎಂಬರ್ಥದಲ್ಲಿ ಬೆನ್ ಎನ್ನುತ್ತಾ, ಕೇಳಿದರು: "ಇಷ್ಟು ದಿನ ಮನೆ ಹೇಗೆ ನಡೀತು ಬೆನ್? ಊರಿನಿಂದ ಯಾರಾದ್ರೂ ಬಂದಿದ್ರಾ?"

"ಇಲ್ಲ," ಎಂದೆ. "ನಾವು ನಾಲ್ಕು ಜನ ಇದ್ದೆವಲ್ಲ."