ಮುಚ್ಚಳದೊಳಗಿನ ಮೂರನೇ ಫ್ಲಾಪಿ

ದಸರೆಯ ಬೆಳಗು, ಆರೂವರೆ. ಪುಣೆ ಬಳಿಯ ಚಿಂಚವಾಡದ ಅಂಗಡಿ, ಸೈಬರ್ ಕೆಫೆ ಎಲ್ಲ ಮುಚ್ಚಿವೆ. ಕಂಪ್ಯೂಟರ್ ರಿಪೇರಿಯ ಹುಲಿಗೆವ್ವ ಮಾತ್ರ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತ್ರಿವೇಣಿಯವರ ಪಡಸಾಲೆಯಲ್ಲಿ ಕೂತು, ಹಳೆಯ ಕಂಪ್ಯೂಟರಿನ ಬಾಯಿಗೆ ಬ್ಯಾಟರಿ ಬೆಳಕು ಬಿಟ್ಟು ನೋಡುತ್ತಿದ್ದಾರೆ. ಫ್ಲಾಪಿ ತೂರಿಸುವ ಸಂದಿಯಲ್ಲಿ ಕುಂಕುಮ ಮೆತ್ತಿದೆ. ಎರಡು ಅಕ್ಕಿಕಾಳೂ ಇವೆ.

ತ್ರಿವೇಣಿ ಮೂವರು ಹೆಂಗಸರನ್ನು ಜೊತೆಗಿಟ್ಟುಕೊಂಡು, ಅಮೆರಿಕದ ಡಾಕ್ಟರುಗಳ ಧ್ವನಿ ಕೇಳಿ ಟೈಪು ಮಾಡಿ ಕಳಿಸುವವರು. ಎಂಟು ಗಂಟೆಗೆ ಫೈಲು ಹೋಗಲೇಬೇಕು. ಹೋದ ತಿಂಗಳು ಎರಡು ಸಲ ತಡವಾಗಿದೆ. ಮೂರನೆಯ ಸಲವಾದರೆ ಕೆಲಸವೇ ಬೇರೆಯವರ ಪಾಲು ಎಂದು ಕಂಪನಿಯವರು ಹೇಳಿಬಿಟ್ಟಿದ್ದಾರೆ.

ಒಂದೇ ಇಂಟರ್ನೆಟ್ ವೈರನ್ನು ನಾಲ್ಕು ಕಂಪ್ಯೂಟರಿಗೆ ಹಂಚುವುದು ಈ ಹಳೆಯ ಡಬ್ಬ. ರೂಟರ್ ಎನ್ನುತ್ತಾರೆ. ಅದರಲ್ಲಿ ಹಾರ್ಡ್ ಡಿಸ್ಕ್ ಇಲ್ಲ. ಶುರುವಾಗುವಾಗ ತನ್ನನ್ನು ನಡೆಸುವ ಲಿನಕ್ಸ್ ತಂತ್ರಾಂಶವನ್ನು ಫ್ಲಾಪಿಯಿಂದಲೇ ಓದಿಕೊಳ್ಳಬೇಕು. ಕೇಬಲ್‌ನವರೂ ಈ ಡಬ್ಬದೊಳಗಿನ ನೆಟ್‌ವರ್ಕ್ ಕಾರ್ಡನ್ನಷ್ಟೇ ಗುರುತು ಹಿಡಿಯುತ್ತಾರೆ. ವೈರನ್ನು ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೆ ನಡೆಯುವುದಿಲ್ಲ.

ನಿನ್ನೆ ಖಂಡೇನವಮಿ. ಅನ್ನ ಕೊಡುವ ಯಂತ್ರಕ್ಕೆ ಪೂಜೆ ಬೇಡವೇ? ತ್ರಿವೇಣಿ ಡಬ್ಬ ಬಂದ್ ಮಾಡಿ, ಅದರೊಳಗಿನ ಫ್ಲಾಪಿಯನ್ನೂ, ಆಪತ್ತಿಗೆಂದು ಇಟ್ಟಿದ್ದ ಇನ್ನೊಂದನ್ನೂ ದೇವರ ಜಗಲಿಗೇರಿಸಿ, ಒದ್ದೆ ಬೆರಳಿನಿಂದ ಕುಂಕುಮ ಹಚ್ಚಿ ಅಕ್ಷತೆ ಹಾಕಿದ್ದಾರೆ. ಬೆಳಿಗ್ಗೆ ಹಾಗೇ ತೂರಿಸಿದ್ದಾರೆ. ದೇವರು ಒಲಿದಿರಬಹುದು, ಫ್ಲಾಪಿ ಓದುವ ಡ್ರೈವು ಮಾತ್ರ ಮುನಿದಿದೆ.

ಮಂಚದ ಕೆಳಗೆ ಇದರ ಜೋಡಿಯಾಗಿ, ಆಪತ್ತಿಗೆಂದೇ ಇಟ್ಟ ಅಂಥದೇ ಇನ್ನೊಂದು ಡಬ್ಬ ಇದೆ. ಗುಜರಿಯಿಂದ ಆರಿಸಿ ಕಟ್ಟಿಕೊಟ್ಟವರು ಹುಲಿಗೆವ್ವನೇ. ತ್ರಿವೇಣಿ ಎರಡನೇ ಫ್ಲಾಪಿಯನ್ನು ಅದಕ್ಕೆ ತೂರಿಸಹೋದಾಗ ಹುಲಿಗೆವ್ವ ಅವರ ಕೈ ಹಿಡಿಯುತ್ತಾರೆ.

"ಬ್ಯಾಡ್ರಿ ಅಕ್ಕಾರ. ಒಂದ ಡಬ್ಬಿ ಕೆಟ್ಟದ. ಇದನ್ನ ಹಾಕಿದ್ರ ಅದೂ ಕೆಡತದ."

"ನಾಕು ಮನಿ ಒಲಿ ಹತ್ತೋದು ಇದರ ಮ್ಯಾಲೇ," ಎನ್ನುವಾಗ ತ್ರಿವೇಣಿಗೆ ಅಳು ಬರುತ್ತದೆ. "ನನ್ನ ಕೈಯಾರೆ ನಾನೇ ಹಾಳ ಮಾಡಿದ್ನಲ್ಲ."

ಹುಲಿಗೆವ್ವ ಬೈಯುವುದಿಲ್ಲ. ಬೈಯಲು ಅವರಿಗೆ ಬಾಯಿಯೂ ಇಲ್ಲ ಅನ್ನಿ. ಸುರಪುರದ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು, ಅಟ್ಟಣಿಗೆಯಿಂದ ಬಿದ್ದು ಸೊಂಟ ಮುರಿದ ಮೇಲೆ ಕಂಪ್ಯೂಟರ್ ಗುಜರಿ ಅಂಗಡಿಯಲ್ಲಿ ಕೂತರು. ಕುಶಲ ಎಂಬ ಮೆಕ್ಯಾನಿಕ್ ಇವರಿಗೆ ಕೆಲಸ ಕಲಿಸಿದ. ಅಲ್ಲಿಯ ಮೊದಲ ಖಂಡೇನವಮಿಗೆ ಹನ್ನೊಂದು ಫ್ಲಾಪಿಗೆ ಇವರೇ ಭಂಡಾರದ ಅರಿಸಿನ ಹಚ್ಚಿದ್ದರು. ಹನ್ನೊಂದೂ ಹೋದವು. ಕುಶಲ ಹೊಟ್ಟೆ ಹಿಡಿದುಕೊಂಡು ನಕ್ಕನಂತೆ.

ಈಗ ಹದಿನೇಳು ಮನೆಗಳ ಡಬ್ಬಗಳನ್ನು ನೋಡಿಕೊಳ್ಳುವವರು ಹುಲಿಗೆವ್ವನೇ. ಓದಿದ್ದು ಕನ್ನಡ ನಾಲ್ಕನೇ ಇಯತ್ತೆ. ಇಂಗ್ಲಿಷ್ ಆಜ್ಞೆಗಳನ್ನು ಅಕ್ಷರದ ಆಕಾರ ನೋಡಿಯೇ ಒತ್ತುತ್ತಾರೆ. ಹತ್ತು ಫ್ಲಾಪಿಗೆ ಲಿನಕ್ಸ್ ತುಂಬಿದರೆ ಅದರಲ್ಲಿ ಎರಡಾದರೂ ಪರೀಕ್ಷೆಯಲ್ಲಿ ನಪಾಸು. ಡಬ್ಬವನ್ನು ಎಬ್ಬಿಸಿ ತೋರಿಸದ ಫ್ಲಾಪಿ ಅವರ ಚೀಲದಿಂದ ಹೊರಗೆ ಬರುವುದಿಲ್ಲ.

ಹುಲಿಗೆವ್ವ ಜೋಡಿ ಡಬ್ಬದ ತಿರುಪು ಬಿಚ್ಚುತ್ತಾರೆ. ಮುಚ್ಚಳದ ಒಳಮೈಗೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಟಿಸಿದ ಮೂರನೇ ಫ್ಲಾಪಿ! ತ್ರಿವೇಣಿ ಕಣ್ಣೊರೆಸಿಕೊಂಡು, ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ.

"ಹೇಳಿದ್ರ ಅದಕ್ಕೂ ಪೂಜಿ ಮಾಡ್ತಾರ್ರಿ ಮಂದಿ."

ಕೆಟ್ಟ ಡಬ್ಬದಿಂದ, ಉಗುರುಬಣ್ಣದ ಗುರುತಿರುವ ಆ ನೆಟ್‌ವರ್ಕ್ ಕಾರ್ಡನ್ನು ಕಿತ್ತು ಜೋಡಿ ಡಬ್ಬಕ್ಕೆ ಕೂರಿಸುತ್ತಾರೆ. ಫ್ಲಾಪಿ ಒಳಗೆ ಹೋಗಿ ಗರಗರ ಎನ್ನುತ್ತದೆ. ಪರದೆಯ ಮೇಲೆ ಸಾಲುಗಳು ಹರಿಯತೊಡಗುತ್ತವೆ. ಎಂಟಕ್ಕೆ ಹತ್ತು ನಿಮಿಷವಿರುವಾಗ ಫೈಲುಗಳೆಲ್ಲ ಹೋಗಿ ಮುಟ್ಟುತ್ತವೆ.

ಚಹಾ ಬರುತ್ತದೆ. ಹುಲಿಗೆವ್ವ ಮುಟ್ಟುವುದಿಲ್ಲ. ಮನೆಯಲ್ಲಿ ಈಗ ಉಳಿದಿರುವುದು ಒಂದೇ ಒಳ್ಳೆಯ ಫ್ಲಾಪಿ. "ಒಂದು ಕಣ್ಣು ಕಣ್ಣಲ್ಲ ಅಂತಾರಲ್ರಿ," ಎನ್ನುತ್ತ ಇನ್ನೆರಡು ತಯಾರಿಸಿ, ಎರಡರಿಂದಲೂ ಡಬ್ಬ ಎಬ್ಬಿಸಿ ನೋಡಿದ ಮೇಲೆಯೇ ಕಪ್ಪಿಗೆ ಕೈ ಹಾಕುತ್ತಾರೆ. ಆಗ ಚಹಾ ಆರಿ ನೀರಾಗಿದೆ. ಕುಂಕುಮದ ಫ್ಲಾಪಿಗಳನ್ನು ಎಸೆಯಬೇಡಿರೆಂದೂ, ಮುಂದಿನ ವರ್ಷ ಅವಕ್ಕೇ ಪೂಜೆ ಮಾಡಿರೆಂದೂ ಹೇಳುತ್ತಾರೆ.

ಬಂಗಾರವೆಂದು ಬನ್ನಿ ಎಲೆ ಕೊಡುವುದು ಸಂಜೆಗೆ. ತ್ರಿವೇಣಿಗೆ ಅಷ್ಟು ತಾಳ್ಮೆಯಿಲ್ಲ. ಜಗಲಿಯಿಂದ ನಾಲ್ಕು ಎಲೆ ತಂದು ಹುಲಿಗೆವ್ವನ ಕೈಗಿಡುತ್ತಾರೆ: "ಬಂಗಾರ ತಗೊಂಡು ಬಂಗಾರದಂಗ ಇರೂಣು."

ಹುಲಿಗೆವ್ವ ಎಲೆಯನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ತಿರುಗಿ ಕೊಡಲು ಅವರ ಬಳಿ ಬನ್ನಿ ಇಲ್ಲ. ಚೀಲ ತಡಕಾಡಿ, ಈಗಷ್ಟೇ ಪಾಸಾದ ಹೊಸ ಫ್ಲಾಪಿಯನ್ನು ತ್ರಿವೇಣಿಯ ಅಂಗೈಯಲ್ಲಿಡುತ್ತಾರೆ.

"ನನ್ನ ಬಂಗಾರ ಇದರಿ, ಅಕ್ಕಾರ. ಕುಂಕುಮ ಹಚ್ಚಬ್ಯಾಡ್ರಿ ಮತ್ತ."