ಚಪ್ಪಲಿ ಬಿಟ್ಟು ಹೊಕ್ಕ ಥಂಡಿ ಕೋಣೆ

ತೊಂಬತ್ತರ ದಶಕದ ಮಾತು. ನಾನು ಪಾಲಿಟೆಕ್ನಿಕ್‌ನಲ್ಲಿ ಫ್ರಿಜ್, ಎಸಿಗಳ ಡಿಪ್ಲೊಮಾಕ್ಕೆ ಸೇರಿ ಒಂದು ವರ್ಷವಾಗಿತ್ತು. ಕ್ಲಾಸಿಗೆಲ್ಲ ನಾನೊಬ್ಬಳೇ ಹುಡುಗಿ. ವಿಮಾನಪುರದ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ, ಅಲ್ಲಿ ನಮ್ಮಪ್ಪನಿಗೆ ಇದೇ ತಲೆಬಿಸಿ. ಹುಡುಗಿ ಸ್ಪ್ಯಾನರ್ ಹಿಡ್ಕೊಂಡು ಯಾರ್ಯಾರದೋ ಮನೆ ಫ್ರಿಜ್ ಬಿಚ್ಚೋದಾ, ಸೋಮವಾರವೇ ಕಾಲೇಜಿಗೆ ಬಂದು ಕಂಪ್ಯೂಟರ್ ಬ್ರಾಂಚಿಗೆ ಹಾಕಿಸ್ತೀನಿ ಅಂತ ಪಟ್ಟು ಹಿಡಿದಿದ್ದರು. ಎದುರಾಡೋಕೆ ನನ್ನ ಹತ್ತಿರ ಗಟ್ಟಿ ಕಾರಣ ಇರಲಿಲ್ಲ, ಬರೀ ಹಟ ಇತ್ತು.

ಅದಕ್ಕೆ ಮುಂಚಿನ ಶುಕ್ರವಾರ ನಮ್ಮನ್ನು ಕೆ.ಆರ್. ಪುರದ ಕಡೆ ಒಂದು ಸಂಶೋಧನಾ ಲ್ಯಾಬಿಗೆ ಕರ್ಕೊಂಡು ಹೋದರು. ಎಸಿ, ಹೀಟರುಗಳನ್ನ ಪರೀಕ್ಷೆ ಮಾಡೋ ಜಾಗ. ಕಾಲೇಜಿನ ಕಂಪ್ಯೂಟರ್ ರೂಮಿಗೆ ಚಪ್ಪಲಿ ಬಿಟ್ಟೇ ಹೋಗಬೇಕಿತ್ತಲ್ಲ, ಅದೇ ಅಭ್ಯಾಸ. ಯಾರೂ ಹೇಳದಿದ್ದರೂ ಇಡೀ ಕ್ಲಾಸು ಬಾಗಿಲಲ್ಲೇ ಚಪ್ಪಲಿ ಬಿಟ್ಟಿತು.

ಮೊದಲನೇ ಕೋಣೆಯಲ್ಲಿ ರಾಯಚೂರಿನ ಏಪ್ರಿಲ್ ಸೆಕೆ. ಪಕ್ಕದ ದಪ್ಪ ಬಾಗಿಲು ತೆಗೆದು ಒಳಗೆ ಹೋದರೆ, ಅಬ್ಬಾ, ಉಸಿರೆಲ್ಲ ಬೆಳ್ಳಗೆ ಹೊಗೆಯಾಯಿತು, ಪೈಪುಗಳ ಮೇಲೆ ಹಿಮ ಕಟ್ಟಿತ್ತು. ಒಂದೊಂದು ಊರಿನ ಹವೆಯನ್ನೇ ತಂದು ಕೂಡಿಹಾಕಿದ್ದಾರಲ್ಲ ಇವರು ಅಂತ ಬಾಯಿ ಬಿಟ್ಕೊಂಡು ನಿಂತೆ. ಆಮೇಲೆ ಅಂಗಾಲು ಸುಡೋಕೆ ಶುರುವಾಯಿತು. ಐಸಿನಂಥ ನೆಲದ ಮೇಲೆ ಕ್ಲಾಸಿಗೆ ಕ್ಲಾಸೇ ಒಂಟಿಕಾಲಲ್ಲಿ ಕುಣೀತಿತ್ತು.

ಯಂತ್ರದ ಹಿಂದಿನಿಂದ ಒಬ್ಬ ಮೇಡಂ ಎದ್ದುಬಂದರು, ಕೈಯಲ್ಲಿ ಸ್ಪ್ಯಾನರ್. ಆ ಲ್ಯಾಬಿಗೆ ಅವರೇ ಮುಖ್ಯಸ್ಥರಂತೆ. ನಮ್ಮ ಕಾಲು ನೋಡಿ ನಕ್ಕು, ಎಲ್ಲರನ್ನೂ ಆಚೆ ಅಟ್ಟಿದರು. ಥಂಡಿ ಕಾಲಿಗೆ ಹತ್ತಿಬಿಡ್ತು ಮೇಡಂ, ಅಂದೆ.

"ಥಂಡಿ ಅಂತ ಒಂದು ವಸ್ತುನೇ ಇಲ್ಲಮ್ಮ. ನೆಲ ನಿನ್ನ ಕಾಲಿನ ಬಿಸಿ ತಗೊಂಡಿತು, ಅಷ್ಟೇ. ಆ ಬಿಸಿನ ಹೊತ್ಕೊಂಡು ಹೋಗಿ ಬೇರೆ ಕಡೆ ಹಾಕೋದೇ ನಮ್ಮ ಕೆಲಸ."

ವರ್ಷವಿಡೀ ಉರು ಹೊಡೆದದ್ದು ಅವತ್ತು ಅಂಗಾಲಿಂದ ತಲೆಗೆ ಹತ್ತಿತು. ಈ ವಿದ್ಯೆ ಬಿಟ್ಟು ನಾನೆಲ್ಲಿಗೂ ಹೋಗಲ್ಲ ಅನ್ನಿಸಿಬಿಟ್ಟಿತು.

ಸಂಜೆ ಅಪ್ಪ ಫ್ಯಾಕ್ಟರಿಯಿಂದ ಬಂದ ತಕ್ಷಣ ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವರಿಗೆ ಬಿಸಿಯೂ ಬೇಕಿರಲಿಲ್ಲ, ಥಂಡಿಯೂ ಬೇಕಿರಲಿಲ್ಲ. ಆ ಮೇಡಂ ಮನೇಲಿ ಇದಕ್ಕೆಲ್ಲ ಒಪ್ಪಿದ್ರಂತಾ ಅಂತ ಕೇಳಿದರು. ನಾನೆಲ್ಲಿ ಕೇಳಿದ್ದೆ? ಹಿಂದೆಮುಂದೆ ನೋಡದೆ ಸುಳ್ಳು ಬಿಟ್ಟೆ, ಅವರಪ್ಪನೇ ಕರ್ಕೊಂಡ್ಹೋಗಿ ಸೇರಿಸಿದ್ದಂತೆ ಅಂತ.

ಅಪ್ಪ ಕಾಫಿ ಲೋಟ ಕೆಳಗಿಟ್ಟರು.

"ಹಾಗಾದ್ರೆ ನಾನೇನು ಆ ಯಪ್ಪನಿಗಿಂತ ಕಮ್ಮಿನಾ? ಇದನ್ನೇ ಓದ್ಕೋ."